ಎಡಗಡೆ ಸೀಟಿನ ಮಾಸ್ತರರು

ಹತ್ತೊಂಬತ್ತು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಾರು ಕಲಿಸಿದ ಡ್ರೈವಿಂಗ್ ಮಾಸ್ತರರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾಸ್ತರರ ಬಾಯಿಂದಲೇ ಬರಲಿ ಎಂದು ಕಾಯುತ್ತ ಕೂತರೆ ಈ ಕಥೆ ಶುರುವಾಗುವುದೇ ಇಲ್ಲ.

ಹಿಂದೆ ಬರುತ್ತಿತ್ತು. ಆದರೆ ಕಲಿಸುವವನು ಕೂರುವುದು ಎಡಗಡೆ ಸೀಟಿನಲ್ಲಿ. ಕಲಿಯುವ ಕಾರಿನಲ್ಲಿ ಅವನ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಕೊಟ್ಟಿರುತ್ತಾರೆ. ಆಕ್ಸಿಲರೇಟರ್ ಮಾತ್ರ ಕೊಟ್ಟಿರುವುದಿಲ್ಲ. ಹೀಗಾಗಿ ಮಾಸ್ತರರ ಕಾಲುಗಳು ನಿಲ್ಲಿಸುವುದರಲ್ಲಿ ಪಳಗಿದವು, ಹೊರಡುವುದನ್ನು ಮರೆತವು. ಒಂಬತ್ತು ವರ್ಷದ ಹಿಂದೆ ಒಂದು ಸಂಜೆ, ಶಿಷ್ಯರು ಯಾರೂ ಇಲ್ಲದ ಹೊತ್ತಿನಲ್ಲಿ ಬಲಗಡೆ ಕೂತು ಕಾರು ತೆಗೆಯಲು ಹೋದರು. ಬ್ರೇಕೆಂದುಕೊಂಡು ಒತ್ತಿದ್ದು ಬ್ರೇಕಾಗಿರಲಿಲ್ಲ. ಕಾರು ಹಿಂದಕ್ಕೆ ನುಗ್ಗಿ ಮೂಲೆ ಅಂಗಡಿಯ ಬಾಗಿಲನ್ನು ಒಳಗೆ ತಳ್ಳಿತು. ಮಾಸ್ತರರು ಕೆಳಗಿಳಿದು, ಸೊಂಟಕ್ಕೆ ಕೈಯಿಟ್ಟು, "ಬ್ರೇಕ್ ಫೇಲು" ಎಂದು ಘೋಷಿಸಿದರು. ಬ್ರೇಕನ್ನು ಬಿಚ್ಚಿ ನೋಡಿದ ಮೆಕ್ಯಾನಿಕ್ ಒಳ್ಳೆಯ ಮನುಷ್ಯ, ಏನೂ ಮಾತಾಡದೆ ಮತ್ತೆ ಜೋಡಿಸಿಕೊಟ್ಟ.

ಅಂದಿನಿಂದ ಮಾಸ್ತರರು ಬಲಗಡೆ ಕೂತವರಲ್ಲ. ಕೇಳಿದವರಿಗೆಲ್ಲ, "ಇಡೀ ದಿನ ಕಾರಲ್ಲೇ ಸಾಯ್ತೀನಲ್ಲಪ್ಪ, ಮನೆ ಕೆಲಸಕ್ಕೂ ನಾನೇ ಓಡಿಸ್ಬೇಕಾ?" ಎನ್ನುತ್ತಿದ್ದರು. ಬೀದಿಯವರು ಅದನ್ನು ದೊಡ್ಡಸ್ತಿಕೆ ಎಂದು ತಿಳಿದು ಇನ್ನಷ್ಟು ಗೌರವ ಕೊಟ್ಟರು. ತರಕಾರಿ ತರಬೇಕಾದರೆ ಯಾರಾದರೂ ಶಿಷ್ಯನಿಗೆ 'ಸಂತೆ ಟ್ರಾಫಿಕ್ಕಿನ ಕ್ಲಾಸು' ಇಡುತ್ತಿದ್ದರು. ನೆಂಟರ ಮನೆಗೆ ಹೋಗಬೇಕಾದರೆ 'ಹೈವೇ ಕ್ಲಾಸು'. ನಾಲ್ಕು ವರ್ಷದ ಹಿಂದೆ ಅತ್ತೆಯವರಿಗೆ ಎದೆ ನೋವು ಬಂದಾಗ ಬ್ಯಾಂಕಿನ ಕ್ಯಾಷಿಯರಮ್ಮನನ್ನು ಎಬ್ಬಿಸಿ ಕರೆತಂದು 'ತುರ್ತು ಸಂದರ್ಭದ ಕ್ಲಾಸು' ಮಾಡಿದರು. ಆಕೆ ಎರಡನೇ ಗೇರು ಇನ್ನೂ ಕಲಿತಿರಲಿಲ್ಲ. ಮೊದಲನೇ ಗೇರಿನಲ್ಲೇ ಆಸ್ಪತ್ರೆ ಮುಟ್ಟಿದಾಗ ಅತ್ತೆಯವರ ಎದೆ ನೋವು ತಾನಾಗಿ ಇಳಿದಿತ್ತು. ಹಿಂದಿನ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲು ನೋವು ಹತ್ತಿಕೊಂಡಿತ್ತು.

ಈ ಎಲ್ಲ ಪ್ರಯಾಣಗಳಲ್ಲಿ ಮಾಸ್ತರರ ಹೆಂಡತಿ ಕೂರುತ್ತಿದ್ದದ್ದು ಹಿಂದಿನ ಸೀಟಿನಲ್ಲಿ, ಚೀಲದ ಪಕ್ಕದಲ್ಲಿ. ಈ ಒಂಬತ್ತು ವರ್ಷಗಳಲ್ಲಿ ಗಂಡ ಹೆಂಡತಿ ಇಬ್ಬರೇ ಆ ಕಾರಿನಲ್ಲಿ ಕೂತದ್ದಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡು ಬೆವರುವ ಮೂರನೆಯವರೊಬ್ಬರು ಯಾವಾಗಲೂ ಇದ್ದೇ ಇರುತ್ತಿದ್ದರು.

ಆಕೆ ಬಾಯಿಬಿಟ್ಟು ಏನನ್ನೂ ಕೇಳುವ ಹೆಂಗಸಲ್ಲ. ಕೇಳಿದಳೆಂದರೆ ಮಾತ್ರ ಬಿಡುವವಳೂ ಅಲ್ಲ. ಒಂದು ದಿನ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆಯೇ ಹೇಳಿದಳು: "ರೀ, ನನಗೆ ಸುಸ್ತಾಗಿದೆ. ಒಂದು ರಾತ್ರಿ ಬೇರೆಯವರು ಹಾಸಿದ ಹಾಸಿಗೆ ಮೇಲೆ ಮಲಗ್ಬೇಕು. ಬೆಳಿಗ್ಗೆ ಬೇರೆಯವರು ಮಾಡಿದ ಚಹಾ ಕುಡೀಬೇಕು. ಬೆಟ್ಟದ ಮೇಲೆ ಒಂದು ಗೆಸ್ಟ್‌ಹೌಸ್ ಇದೆಯಂತೆ. ವಾಪಸ್ ಬರುವಾಗ ಕಣಿವೆ ದಾರಿಯಲ್ಲಿ ನಿಧಾನಕ್ಕೆ, ನೋಡ್ಕೊಂಡು ಬರೋಣ. ನಾವಿಬ್ಬರೇ."

ಮಾಸ್ತರರಿಗೆ ಹಾಸಿಗೆ ಸರಿಯಾಗಿ ಕೇಳಿಸಿತು, ಚಹಾ ಕೇಳಿಸಿತು. ಕೊನೆಯ ಮಾತು ಮಾತ್ರ ಕೇಳಿಸದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

"ಅದಕ್ಕೇನಂತೆ?" ಎಂದರು. ಮನುಷ್ಯ ಹಾಳಾಗುವುದು ಇಂಥ ಮಾತುಗಳಿಂದಲೇ.

ಹೊರಡುವ ದಿನ ಆಕೆ ಒಳ್ಳೆಯ ಸೀರೆಯುಟ್ಟು ಕಾರಿನ ಹತ್ತಿರ ಬಂದರೆ ಬಲಗಡೆ ಸೀಟಿನಲ್ಲಿ ಮೂಲೆಮನೆಯ ಟೈಲರ್ ಕೂತಿದ್ದ. ಮೂರು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದ ಮಹಾನುಭಾವ.

"ನಮಸ್ಕಾರ ಅಕ್ಕ. ಇವತ್ತು ನನಗೆ ಹೈವೇ ಕ್ಲಾಸು."

"ಹೋಗುವಾಗ ಅಷ್ಟೇ ಕಣೇ," ಎಂದರು ಮಾಸ್ತರರು, ಸೀಟ್ ಬೆಲ್ಟಿಗೆ ಹೇಳುವವರಂತೆ. "ಅವನ ತಂಗಿ ಮನೆ ಅಲ್ಲೇ ಬೆಟ್ಟದ ಮೇಲಿದೆ. ಇಳ್ಕೊಂಡು ಹೋಗ್ತಾನೆ. ಬರುವಾಗ ನಾವಿಬ್ಬರೇ."

ಆಕೆ ಹಿಂದೆ ಚೀಲದ ಪಕ್ಕ ಕೂತಳು. ಎರಡು ಗಂಟೆಯ ದಾರಿಯನ್ನು ಟೈಲರ್ ನಾಲ್ಕೂವರೆ ಗಂಟೆಯಲ್ಲಿ ಮುಗಿಸಿದ. ಅವನಿಗೆ ರಸ್ತೆಯೂ ಬಟ್ಟೆಯೇ. "ಆ ಲಾರಿಗೂ ನಮಗೂ ಹದಿನೆಂಟಿಂಚು ಗ್ಯಾಪ್ ಇತ್ತು ಸರ್," "ಈ ಸೇತುವೆ ಭುಜದ ಹತ್ರ ಸ್ವಲ್ಪ ಬಿಗಿ," ಎಂದು ಅಳತೆ ಒಪ್ಪಿಸುತ್ತಲೇ ಇದ್ದ. ಮಾಸ್ತರರು ಬ್ರೇಕು ಒತ್ತಿದ್ದಕ್ಕೆ ಲೆಕ್ಕವಿಲ್ಲ. ಗೆಸ್ಟ್‌ಹೌಸಿನ ಗೇಟಿನಲ್ಲಿ ಇಳಿದಾಗ ಮೂವರ ಮುಖವೂ ಒಗೆದು ಹಿಂಡಿದ ಹಾಗಿತ್ತು.

ಮಾಸ್ತರರು ಟೈಲರನ್ನು ಗೇಟಿನಾಚೆ ಕರೆದೊಯ್ದು ಕಿವಿಯಲ್ಲಿ ಹೇಳಿದರು: "ನಾಳೆ ಒಂಬತ್ತೂವರೆಗೆ ಸುಮ್ಮನೆ ಈ ಕಡೆ ಬಂದವನ ಹಾಗೆ ಬಾ. 'ಅಯ್ಯೋ ಸರ್, ಇನ್ನೂ ಇಲ್ಲೇ ಇದ್ದೀರಾ? ನಾನೂ ಊರಿಗೇ ಹೊರಟೆ' ಅನ್ನು. ನಾನು 'ಹಾಗಾದ್ರೆ ಹತ್ತಪ್ಪ' ಅಂತೀನಿ."

ಟೈಲರ್ ಆ ಮಾತನ್ನು ಎರಡು ಸಲ ಹೇಳಿ ಒಪ್ಪಿಸಿ, ತಂಗಿಯ ಮನೆಗೆ ನಡೆದುಹೋದ.

ಗೆಸ್ಟ್‌ಹೌಸ್ ಚೆನ್ನಾಗಿತ್ತು. ಉದ್ದ ಜಗಲಿ, ಬೆತ್ತದ ಕುರ್ಚಿಗಳು, ಕೋಣೆಯಲ್ಲಿ ಗಂಜಿ ಹಾಕಿದ ಬಿಳಿ ಹಾಸಿಗೆ ಬಟ್ಟೆ. ಹೆಂಡತಿ ಆ ಹಾಸಿಗೆಯನ್ನು ಅಂಗೈಯಿಂದ ಒಮ್ಮೆ ಸವರಿ, ದಿಂಬಿಗೆ ತಲೆ ಕೊಟ್ಟವಳೇ ನಿದ್ದೆಹೋದಳು. ಮಾಸ್ತರರಿಗೆ ನಿದ್ದೆ ಹತ್ತಲಿಲ್ಲ. ಕಾರು ಕಲಿಸಿ ಅವರು ದಣಿದಿರಲಿಲ್ಲ; ಬರುತ್ತದೆ ಎಂದು ತೋರಿಸಿಕೊಂಡು ತೋರಿಸಿಕೊಂಡೇ ಈ ಒಂಬತ್ತು ವರ್ಷ ಮೈಯೆಲ್ಲ ಹಣ್ಣಾಗಿತ್ತು.

ಬೆಳಿಗ್ಗೆ ಎಂಟಕ್ಕೆ ಟೈಲರನ ಫೋನು ಬಂತು.

"ಸರ್, ಬಸ್ಸಲ್ಲಿದ್ದೀನಿ."

"ಬಸ್ಸಲ್ಲಿ ಯಾಕಪ್ಪ ಬರ್ತೀಯ, ನಡೆದು ಬಂದ್ರೆ ಹತ್ತು ನಿಮಿಷ."

"ಅಲ್ಲಿಗಲ್ಲ ಸರ್, ಊರಿಗೆ. ವಾಪಸ್ ಕಣಿವೆ ದಾರಿ ಅಂದ್ರಲ್ಲ, ಅದರಲ್ಲಿ ಮೂವತ್ತಾರು ತಿರುವು ಇದೆ ಅಂತ ತಂಗಿ ಹೇಳಿದ್ಲು. ಕೇಳಿದ ತಕ್ಷಣ ಕೈ ನಡುಗೋಕೆ ಶುರುವಾಯ್ತು. ಈ ಕೈಯಲ್ಲಿ ಇವತ್ತು ಗುಂಡಿ ಕೂಡ ಹೊಲಿಯೋಕಾಗಲ್ಲ. ನಿಮಗೇನು ಸರ್, ನೀವು ಕಣ್ಣು ಮುಚ್ಚಿ ಓಡಿಸೋರು!"

ಮಾಸ್ತರರು ಫೋನ್ ಜೇಬಿಗೆ ಹಾಕಿದರು. ಕಣ್ಣು ಮುಚ್ಚಿ ಓಡಿಸುವುದೊಂದೇ ಈಗ ಉಳಿದ ದಾರಿ ಎಂದು ಅವರಿಗೂ ಅನ್ನಿಸಿತು.

ಜಗಲಿಯಲ್ಲಿ ಹೆಂಡತಿ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಬೇರೆಯವರು ಮಾಡುವ ಚಹಾಕ್ಕೆ ಕಾಯುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಮಾಸ್ತರರು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಅದನ್ನು ಕಂಡೇ ಅವರಿಗೆ ಇನ್ನಷ್ಟು ಭಯವಾಯಿತು.

ಅಂಗಳದಲ್ಲಿ ಪಕ್ಕದ ಕೋಣೆಯ ಹಲ್ಲಿನ ಡಾಕ್ಟರು ಹಲ್ಲುಜ್ಜುತ್ತಿದ್ದರು. ಮಾಸ್ತರರು ಅವರ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, "ಡಾಕ್ಟ್ರೇ, ಕಾರು ಓಡಿಸ್ತೀರಾ?" ಎಂದರು.

"ಇಪ್ಪತ್ತು ವರ್ಷದಿಂದ."

"ಬೆಟ್ಟದ ದಾರಿ ಕಲಿತಿದ್ದೀರಾ? ಅದು ಬೇರೇನೇ ವಿದ್ಯೆ. ಇವತ್ತು ನನ್ನ ಕಾರಲ್ಲಿ ಕಲಿಸ್ತೀನಿ. ಉಚಿತ. ನೀವು ಓಡಿಸಿ, ನಾನು ಪಕ್ಕದಲ್ಲಿರ್ತೀನಿ. ನಮ್ಮೂರು ತಲುಪಿದ ಮೇಲೆ ಬಸ್ಸಲ್ಲಿ ವಾಪಸ್ ಬನ್ನಿ."

ಡಾಕ್ಟರು ಬಾಯಿಯ ನೊರೆ ಉಗುಳಿ, "ನಾನು ನಿಮ್ಮ ಹತ್ರ ಬಂದು, ಇವತ್ತು ನಿಮ್ಮ ಹಲ್ಲು ಕೀಳ್ತೀನಿ, ಉಚಿತ ಅಂದ್ರೆ ಹೇಗಿರುತ್ತೆ?" ಎಂದು ಕೇಳಿ ಒಳಗೆ ನಡೆದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗೆಸ್ಟ್‌ಹೌಸಿನ ಯಜಮಾನಿ ಅದೇ ಹೊತ್ತಿಗೆ ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಮಾಸ್ತರರು ಆಡಿದ ಹತ್ತಾರು ಮಾತುಗಳಲ್ಲಿ ಆಕೆಗೆ ಎರಡೇ ಮುಖ್ಯವೆನಿಸಿದವು: ಕಲಿಸ್ತೀನಿ, ಉಚಿತ. ಆಕೆ ನೀರಿನ ಡಬ್ಬಿ ಕೆಳಗಿಟ್ಟು, ಹಿತ್ತಿಲ ಕಡೆ ತಿರುಗಿ ಕೂಗಿದರು.

"ಎಲ್ಲ ಬನ್ರೋ! ಮಾಸ್ತರರು ಕಾರು ಕಲಿಸೋ ಶಿಬಿರ ಇಟ್ಟಿದ್ದಾರೆ! ದುಡ್ಡಿಲ್ಲ!"

ಐದು ನಿಮಿಷದಲ್ಲಿ ಅಂಗಳದಲ್ಲಿ ಸಾಲು ನಿಂತಿತು. ಅಡುಗೆಯವ ಸೌಟು ಹಿಡಿದೇ ಬಂದ. ತೋಟದಾಕೆ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಬಟ್ಟೆ ಒಗೆಯುವವ ಬಂದ. ಹಾಲು ಹಾಕಲು ಬಂದವನು ಕ್ಯಾನು ಗೋಡೆಗೆ ಒರಗಿಸಿ ನಿಂತ.

"ನಾನು ಹೇಳಿದ್ದು ಹಾಗಲ್ಲಮ್ಮ," ಎಂದರು ಮಾಸ್ತರರು.

"ಸಂಕೋಚ ಯಾಕೆ ಸರ್? ಇಂಥ ಕಾಲದಲ್ಲಿ ಉಚಿತವಾಗಿ ಕಲಿಸ್ತೀನಿ ಅನ್ನೋರು ಎಲ್ಲಿದ್ದಾರೆ? ರಜಕ್ಕೆ ಬಂದಾಗಲೂ ಸೇವೆ ಮಾಡ್ತೀರಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಹಿಂದೆ ಸರಿಯುವ ಧೈರ್ಯ ಮಾಸ್ತರರಿಗೆ ಎಂದೂ ಇದ್ದದ್ದಿಲ್ಲ. ಜೊತೆಗೆ ಮನಸ್ಸಿನ ಮೂಲೆಯಲ್ಲಿ ಒಂದು ಆಸೆಯೂ ಚಿಗುರಿತು. ಇಷ್ಟು ಜನರಲ್ಲಿ ಒಬ್ಬನಾದರೂ ಮೂವತ್ತಾರು ತಿರುವು ದಾಟಿಸುವವನು ಸಿಕ್ಕರೆ? ಅವರು ಎಡಗಡೆ ಕೂತು, ಉದ್ಯೋಗಕ್ಕೆ ಸಂದರ್ಶನ ಮಾಡುವವರಂತೆ ಒಬ್ಬೊಬ್ಬರನ್ನೇ ಕರೆದರು.

ತೋಟದಾಕೆ ಕಾರು ಹತ್ತಿ, ಕೀಲಿ ತಿರುಗಿಸಿದ ಕೂಡಲೇ ಕೇಳಿಬಂದ ಸದ್ದಿಗೆ ಕೆಳಗಿಳಿದುಬಿಟ್ಟಳು. "ಇದಕ್ಕೆ ಸಿಟ್ಟು ಜಾಸ್ತಿ ಸರ್, ನನಗೆ ಬೇಡ." ಹಾಲಿನವ ಚೆನ್ನಾಗಿಯೇ ಹೊರಟ, ಆದರೆ ಬಲಕ್ಕೆ ಮಾತ್ರ ತಿರುಗಿಸಬಲ್ಲವನಾಗಿದ್ದ. ಅಂಗಳವನ್ನು ಏಳು ಸುತ್ತು ಹಾಕಿ, ತಲೆ ಸುತ್ತಿ, ಕ್ಯಾನು ಮರೆತು ಮನೆಗೆ ಹೋದ. ಬಟ್ಟೆ ಒಗೆಯುವವನಿಗೆ ಹೊರಡುವುದಕ್ಕಿಂತ ಹಾರನ್ ಇಷ್ಟವಾಯಿತು. ಹಲ್ಲಿನ ಡಾಕ್ಟರು ಕಿಟಕಿ ತೆರೆದು ಏನೋ ಅಂದರು. ಹಾರನ್ನಿನಲ್ಲಿ ಅದು ಕೇಳದೇ ಹೋದದ್ದು ಒಳ್ಳೆಯದೇ ಆಯಿತು.

ಕೊನೆಗೆ ಅಡುಗೆಯವ. ಅವನು ಸೌಟನ್ನು ಡ್ಯಾಷ್‌ಬೋರ್ಡಿನ ಮೇಲಿಟ್ಟು, ಒಲೆ ಹೊತ್ತಿಸುವವನಂತೆ ಆಕ್ಸಿಲರೇಟರ್ ಪೂರ್ತಿ ಒತ್ತಿದ. ಮಾಸ್ತರರು ಬ್ರೇಕು ಒತ್ತುವಷ್ಟರಲ್ಲಿ ಕಾರು ಹಿತ್ತಿಲ ಬಟ್ಟೆ ತಂತಿಯ ನಡುವೆ ಹೋಗಿ ನಿಂತಿತ್ತು. ಒದ್ದೆ ಹಾಸಿಗೆ ಬಟ್ಟೆಗಳು ಮುಂದಿನ ಗಾಜಿನ ಮೇಲೆ ಇಳಿಬಿದ್ದು ಒಳಗೆಲ್ಲ ಬೆಳ್ಳಗಾಯಿತು.

"ಸರ್, ನಾವು ಸತ್ವಾ?" ಎಂದ ಅಡುಗೆಯವ, ಮೆಲ್ಲಗೆ.

"ಇಲ್ಲ," ಎಂದರು ಮಾಸ್ತರರು. ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು.

ಬಟ್ಟೆ ಸರಿಸಿ ಹೊರಗೆ ಬಂದರೆ ಎದುರಿಗೆ ಹೆಂಡತಿ ಟ್ರೇ ಹಿಡಿದು ನಿಂತಿದ್ದಳು. ಅಡುಗೆಯವ ಕಾರಿನಲ್ಲಿದ್ದುದರಿಂದ ಗೆಸ್ಟ್‌ಹೌಸಿನಲ್ಲಿ ಚಹಾ ಮಾಡುವವರು ಯಾರೂ ಇರಲಿಲ್ಲ. ಕಾದು ಕಾದು ಆಕೆಯೇ ಅಡುಗೆಮನೆ ಹೊಕ್ಕು, ಹುಡುಕಿ ಸಕ್ಕರೆ ತೆಗೆದು, ಏಳು ಲೋಟ ಚಹಾ ಮಾಡಿದ್ದಳು. ಒಂದನ್ನು ಗಂಡನ ಕೈಗೆ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಮಾಸ್ತರರಿಗೆ ಹಗುರವಾಗುತ್ತಿತ್ತು. ತಾನೊಬ್ಬ ಕೆಲಸಕ್ಕೆ ಬಾರದ ಮನುಷ್ಯ ಎಂದು ಅವರಿಗೆ ಆ ಹೊತ್ತು ನಿಜವಾಗಿಯೂ ಅನ್ನಿಸಿತು.

"ಹನ್ನೆರಡಕ್ಕೆ ಕೋಣೆ ಬಿಡ್ಬೇಕು," ಎಂದಳು ಆಕೆ. "ಹೊರಡೋಣವಾ?"

ಯಜಮಾನಿ, ತೋಟದಾಕೆ, ಅಡುಗೆಯವ ಎಲ್ಲರೂ ಬೀಳ್ಕೊಡಲು ಗೇಟಿನಲ್ಲಿ ನಿಂತರು. ಮಾಸ್ತರರು ಚೀಲವನ್ನು ಹಿಂದೆ ಇಟ್ಟರು. ತೆಗೆದು ಡಿಕ್ಕಿಯಲ್ಲಿ ಇಟ್ಟರು. ನಾಲ್ಕೂ ಚಕ್ರಗಳನ್ನು ಒದ್ದು ನೋಡಿದರು. ಗಾಜು ಒರೆಸಿದರು. ಒರೆಸಲು ಇನ್ನೇನೂ ಉಳಿಯದಾದಾಗ, ಗಾಬರಿಯಲ್ಲಿ ಕಾಲು ಎಲ್ಲಿಗೆ ಕರೆದೊಯ್ದಿತೋ ಅಲ್ಲಿಗೆ ಹೋಗಿ ಕೂತರು. ಬಾಗಿಲು ಹಾಕಿಕೊಂಡ ಮೇಲೆ ನೋಡಿದರೆ ಎದುರಿಗೆ ಸ್ಟಿಯರಿಂಗ್ ಇರಲಿಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸ, ಎಡಗಡೆ ಸೀಟು.

ಹೆಂಡತಿ ಒಂದು ಕ್ಷಣ ನಿಂತಳು. ಆಮೇಲೆ ಸುತ್ತಿ ಬಂದು, ಸೀರೆ ಒಟ್ಟುಮಾಡಿ ಹಿಡಿದು, ಬಲಗಡೆ ಕೂತಳು. ಕನ್ನಡಿ ಸರಿಮಾಡಿದಳು. ಸೀಟು ಎರಡು ಹಲ್ಲು ಮುಂದಕ್ಕೆಳೆದಳು. ಬೆಲ್ಟು ಹಾಕಿಕೊಂಡು ಕಾರು ಸ್ಟಾರ್ಟ್ ಮಾಡಿ, ಗೇಟಿನವರಿಗೆ ತಲೆಯಾಡಿಸಿ, ಚೂರೂ ಕುಲುಕಾಟವಿಲ್ಲದೆ ರಸ್ತೆಗೆ ತಂದಳು.

ಮೊದಲ ತಿರುವು ದಾಟುವವರೆಗೆ ಮಾಸ್ತರರ ಬಾಯಿ ಮುಚ್ಚಿರಲಿಲ್ಲ. ಎರಡನೇ ತಿರುವಿನಲ್ಲಿ ಆಕೆ ಗೇರು ಇಳಿಸಿದ ಹಾಗೆ ಅವರ ಶಿಷ್ಯರಲ್ಲಿ ಯಾರಾದರೂ ಇಳಿಸಿದ್ದರೆ 'ಶಹಬ್ಬಾಸ್' ಎನ್ನುತ್ತಿದ್ದರು. ಮೂರನೇ ತಿರುವಿನಲ್ಲಿ ಮಾತು ಬಂತು.

"ನಿನಗೆ... ಲೈಸೆನ್ಸ್?"

"ಪರ್ಸಲ್ಲಿದೆ. ನಾಲ್ಕು ವರ್ಷ ಆಯ್ತು."

"ಯಾರು ಕಲಿಸಿದ್ದು?"

"ನಮ್ಮ ಎದುರು ಬದಿಯವರು."

ಎದುರು ಬದಿಯದು ಮಾಸ್ತರರ ಹಗೆಯ ಡ್ರೈವಿಂಗ್ ಸ್ಕೂಲು. ಅಲ್ಲಿ ಕಲಿತವರು ರಸ್ತೆಗಲ್ಲ, ಮರಕ್ಕೇ ಸರಿ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದಿದ್ದರು. "ಅವರ ಹತ್ರಾನಾ! ಹೋಗಿ ಹೋಗಿ ಅವರ ಹತ್ರಾನಾ!"

"ಹದಿನೆಂಟು ಕ್ಲಾಸು. ಅವರು ಕೂಗಾಡಲ್ಲ," ಎಂದಳು, ನಾಲ್ಕನೇ ತಿರುವು ತೆಗೆದುಕೊಳ್ಳುತ್ತ. "ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನವೇ ತೀರ್ಮಾನ ಮಾಡಿದೆ, ಮನೆಯಲ್ಲಿ ಒಬ್ಬರಿಗಾದ್ರೂ ಓಡಿಸೋಕೆ ಬರ್ಬೇಕು ಅಂತ."

ಆ 'ಒಬ್ಬರಿಗಾದ್ರೂ' ಎಂಬುದರ ಅರ್ಥ ಮಾಸ್ತರರ ಎದೆಗೆ ಇಳಿಯಲು ಇನ್ನೊಂದು ತಿರುವು ಹಿಡಿಯಿತು.

"ಗೊತ್ತಿತ್ತಾ?"

"ಬ್ರೇಕ್ ಫೇಲಾದ ದಿನದಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನು ಯಾಕೆ ಹೇಳ್ಲಿ? ನೀವು ಹೇಳ್ತೀರೇನೋ ಅಂತ ಕಾದೆ. ಕಾರಲ್ಲಿ ಇಬ್ಬರೇ ಇದ್ರೆ ಹೇಳ್ತಿದ್ರೇನೋ. ಇಬ್ಬರೇ ಇರೋಕೆ ನೀವು ಬಿಡಲಿಲ್ಲವಲ್ಲ. ನಿನ್ನೆ ಆ ಟೈಲರ್, ಇವತ್ತು ಒಂದು ಜಾತ್ರೆ."

ಕೆಳಗೆ ಕಣಿವೆ ಬಿಚ್ಚಿಕೊಂಡಿತ್ತು. ಹಸಿರು ಹುಲ್ಲು, ನಡುವೆ ತೆಳ್ಳಗೆ ಹೊಳೆ, ದೂರದಲ್ಲಿ ಮೇಯುತ್ತಿದ್ದ ಕುರಿಗಳು. ಮಾಸ್ತರರು ಅದನ್ನು ನೋಡುತ್ತಿದ್ದರು, ಆದರೆ ಕಣ್ಣು ಮಂಜಾಗಿ ಸರಿಯಾಗಿ ಕಾಣುತ್ತಿರಲಿಲ್ಲ. ಕೊನೆಗೆ, ಹನ್ನೆರಡನೆಯದೋ ಹದಿಮೂರನೆಯದೋ ತಿರುವಿನಲ್ಲಿ, ಹೊರಗೆ ನೋಡುತ್ತಲೇ ಹೇಳಿದರು.

"ನನಗೆ ಓಡಿಸೋಕೆ ಬರಲ್ಲ ಕಣೇ."

ಒಂಬತ್ತು ವರ್ಷ ಹೊತ್ತಿದ್ದ ಮಾತು. ಇಳಿಸಿದಾಗ ಇಷ್ಟೇ ಚಿಕ್ಕದಾಗಿತ್ತು. ಅವರಿಗೆ ಸ್ವಲ್ಪ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಸಿವಾಯಿತು.

ಹೆಂಡತಿ ನಗಲಿಲ್ಲ. ಮೂವತ್ತಾರೂ ತಿರುವು ಮುಗಿದು, ಹೊಲಗಳ ನಡುವೆ ರಸ್ತೆ ನೇರವಾಗಿ ಮಲಗಿದ ಕಡೆ ಕಾರನ್ನು ಬದಿಗೆ ನಿಲ್ಲಿಸಿದಳು. ಕಟ್ಟಿ ತಂದಿದ್ದ ಬ್ರೆಡ್ಡು, ಮೊಟ್ಟೆ ಇಬ್ಬರೂ ತಿಂದರು. ಆಮೇಲೆ ಆಕೆ ಕೆಳಗಿಳಿದು, ಎಡಗಡೆ ಬಾಗಿಲು ತೆರೆದು ನಿಂತಳು.

"ಸರೀರಿ ಆ ಕಡೆಗೆ."

"ಬೇಡ ಕಣೇ. ಯಾರಿಗಾದ್ರೂ ಗುದ್ದಿಬಿಡ್ತೀನಿ."

"ಇಲ್ಲಿ ಇರೋದು ಕುರಿ ಮಾತ್ರ. ಅವು ನಿಮ್ಮ ಬಗ್ಗೆ ಯಾರ ಹತ್ರಾನೂ ಹೇಳಲ್ಲ. ಸರೀರಿ."

ಮಾಸ್ತರರು ಬಲಗಡೆ ಕೂತರು. ಮೊದಲ ಸಲ ಕಾರು ಎಗರಿ ನಿಂತುಹೋಯಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಕಪ್ಪೆಯಂತೆ ನಾಲ್ಕು ಹಾರು ಹಾರಿ ಹೊರಟಿತು. ಪಕ್ಕದಲ್ಲಿ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕ ಅವರನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ, "ಕಲೀತಿದ್ದೀರಾ?" ಎಂದು ಕೇಳಿದ. ಮಾಸ್ತರರ ಬಾಯಿಗೆ ಹಳೆಯ ಉತ್ತರವೊಂದು ಬಂದೇ ಬಿಟ್ಟಿತ್ತು. ಅದನ್ನು ನುಂಗಿಕೊಂಡು, "ಹೌದಪ್ಪ," ಎಂದರು.

ಹೆಂಡತಿ ಎಡಗಡೆ, ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದಳು. ಒತ್ತಿದ್ದು ಎರಡೇ ಸಲ. ಹಾಗೆ ಇಬ್ಬರೂ, ಇಬ್ಬರೇ, ಎರಡನೇ ಗೇರಿನಲ್ಲಿ ಮಧ್ಯಾಹ್ನವೆಲ್ಲ ಬಂದರು. ನೋಡಲು ಬೇಕಾದಷ್ಟು ಸಮಯವಿತ್ತು. ಆಕೆ ಹೊಲ, ಕೆರೆ, ಕೆರೆಯ ಮೇಲಿನ ಹಕ್ಕಿ, ಎಲ್ಲವನ್ನೂ ಸಾವಕಾಶವಾಗಿ ನೋಡಿದಳು.

ಊರು ಮುಟ್ಟಿದಾಗ ಸಂಜೆ. ಬೀದಿಯ ತಿರುವಿನಲ್ಲಿ ಮಾಸ್ತರರು ಕಾರು ನಿಲ್ಲಿಸಿದರು. ಮನೆ ಮುಂದೆ ಜನ ಸೇರಿದ್ದು ಕಾಣುತ್ತಿತ್ತು. ಟೈಲರ್ ಬೆಳಿಗ್ಗೆಯೇ ಬಂದು, ಮಾಸ್ತರರು ಇವತ್ತು ಸ್ವತಃ ಓಡಿಸಿಕೊಂಡು ಬರುತ್ತಾರಂತೆ ಎಂದು ಮನೆಮನೆಗೂ ಹೇಳಿದ್ದ. ಮೂಲೆ ಅಂಗಡಿಯವ, ಕ್ಯಾಷಿಯರಮ್ಮ ಇದ್ದರು, ಎದುರು ಬದಿಯ ಸ್ಕೂಲಿನವನು ಕೂಡ ಕೈಕಟ್ಟಿ ನಿಂತಿದ್ದ.

"ಇಲ್ಲಿಂದ ನಾನು ತಗೊಳ್ಳಲಾ?" ಎಂದಳು ಹೆಂಡತಿ.

ಮಾಸ್ತರರು ಹಣೆ ಒರೆಸಿಕೊಂಡರು. "ಬೇಡ. ಪಕ್ಕದಲ್ಲಿರು."

ಕಾರು ಬೀದಿಯೊಳಗೆ ನಡೆದುಕೊಂಡು ಬಂತು ಎನ್ನಬೇಕು. ಮನೆ ಮುಂದೆ ಒಮ್ಮೆ ಜೋರಾಗಿ ಕುಲುಕಿ ನಿಂತಿತು. ಗುದ್ದಲಿಲ್ಲ. ಬೀದಿಯವರು ಮುಖ ಮುಖ ನೋಡಿಕೊಂಡರು. ಇಷ್ಟು ದೊಡ್ಡ ಮಾಸ್ತರರು ಇಷ್ಟು ನಿಧಾನ ಓಡಿಸುತ್ತಾರೆಂದರೆ ಅದರಲ್ಲಿ ಏನೋ ಗುಟ್ಟಿರಬೇಕೆಂದು ಕ್ಯಾಷಿಯರಮ್ಮ ಮೂಲೆ ಅಂಗಡಿಯವನಿಗೆ ವಿವರಿಸತೊಡಗಿದರು. ಟೈಲರ್ ಬಗ್ಗಿ ಚಕ್ರ ನೋಡಿ, "ಕಟ್ಟೆಗೆ ಬರೋಬ್ಬರಿ ನಾಲ್ಕಿಂಚು ಸರ್! ಹೊಲಿದ ಹಾಗಿದೆ!" ಎಂದು ಕೂಗಿದ. ಆಮೇಲೆ ಕಿಟಕಿಯ ಹತ್ತಿರ ಬಂದು ತಲೆ ಕೆರೆದುಕೊಂಡ.

"ಬೆಳಿಗ್ಗೆ ಕೈಕೊಟ್ಟಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಸರ್. ನಾಳೆ ಆರು ಗಂಟೆಗೆ ಕ್ಲಾಸಿಗೆ ಬರ್ಲಾ?"

ಮಾಸ್ತರರು ಎಡಗಡೆ ಸೀಟಿನ ಕಡೆ ನೋಡಿದರು. ಬೀದಿಗೆ ಬೀದಿಯೇ ಎಡಗಡೆ ಸೀಟಿನ ಕಡೆ ನೋಡಿತು.

"ಆರಕ್ಕೆ ಇವರ ಕ್ಲಾಸಿದೆ," ಎಂದಳು ಹೆಂಡತಿ, ಬೆಲ್ಟು ಬಿಚ್ಚುತ್ತ. "ನೀವು ಏಳಕ್ಕೆ ಬನ್ನಿ."